ಒಂದೇ ಬಾಗಿಲು ಹೊಳೆದ ಕಾರು

ಕಾರು ಹೊಳೆದರೆ ಪೂರ್ತಿ ಹೊಳೆಯಬೇಕು, ಇಲ್ಲವಾದರೆ ಹೊಳೆಯಲೇಬಾರದು. ನಡುವೆ ನಿಲ್ಲಿಸಿದರೆ ಏನು ಫಜೀತಿಯಾಗುತ್ತದೆ ಅನ್ನುವುದನ್ನು ಮೆಲ್ಲಗಪ್ಪನನ್ನೇ ಕೇಳಬೇಕು.

ಮೆಲ್ಲಗಪ್ಪನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇತ್ತು. ಸಂಬಳದ ಪಟ್ಟಿ ಬಿಟ್ಟರೆ ಬೇರೆಲ್ಲೂ ಅದರ ಬಳಕೆಯಿರಲಿಲ್ಲ. ಗ್ರಂಥಾಲಯದಲ್ಲಿ ಅವನದು ಪುಸ್ತಕ ಕೊಟ್ಟು ತೆಗೆದುಕೊಳ್ಳುವ ಗುಮಾಸ್ತನ ಕೆಲಸ. ಯಾರಾದರೂ ಕುರ್ಚಿ ಎಳೆದರೆ, ಕೆಮ್ಮಿದರೆ, ಪುಟ ಜೋರಾಗಿ ಮಗುಚಿದರೆ, ‘ಮೆಲ್ಲಗಪ್ಪಾ, ಮೆಲ್ಲಗೆ’ ಅನ್ನುತ್ತಿದ್ದ. ಓದುಗರು ಆ ಮಾತನ್ನು ಅವನಿಗೇ ಕಟ್ಟಿದರು. ಕಾರು ಬಂದ ಮೇಲೆ ಹೆಸರು ಇನ್ನೂ ಗಟ್ಟಿಯಾಯಿತು. ಅವನು ಕಾರಿನಲ್ಲಿ ಹೋಗುವುದನ್ನು ನೋಡಿದವರಿಗೆ ಅದು ತಾನಾಗಿ ಹೋಗುತ್ತಿದೆಯೋ, ಹಿಂದಿನಿಂದ ಯಾರಾದರೂ ತಳ್ಳುತ್ತಿದ್ದಾರೋ ಅನ್ನುವ ಅನುಮಾನ ಬರುತ್ತಿತ್ತು. ಸೈಕಲ್ಲಿನವರು ಬೆಲ್ಲು ಹೊಡೆದು ದಾರಿ ಕೇಳಿಕೊಂಡು ಮುಂದೆ ಹೋಗುತ್ತಿದ್ದರು.

ಕಾರು ಅವನದಲ್ಲ, ಭಾವನದು. ಅಂದರೆ ಹೆಂಡತಿಯ ಅಣ್ಣನದು. ಭಾವನಿಗೆ ದೂರದ ಊರಿಗೆ ವರ್ಗವಾಯಿತು. ಅಲ್ಲಿ ಆಫೀಸಿನ ಜೀಪು ಇತ್ತು. ಕೆಂಪು ಕಾರನ್ನು ತಂಗಿಯ ಮನೆ ಮುಂದೆ ತಂದು ನಿಲ್ಲಿಸಿ, ಕೀಲಿಕೈಯನ್ನು ಬೆರಳ ತುದಿಯಲ್ಲಿ ಹಿಡಿದುಕೊಂಡು ಹೇಳಿದ್ದರು:

“ನೋಡಯ್ಯ, ಇಷ್ಟು ವರ್ಷ ಇದರ ಮೇಲೆ ಒಂದು ಇರುವೆ ಕೂತರೂ ಅದಕ್ಕೆ ಕಾಲು ಒರೆಸ್ಕೊಂಡು ಬಾ ಅಂದಿದ್ದೀನಿ. ನಾನು ವಾಪಸ್ ಬಂದಾಗ ನೋಡ್ತೀನಿ. ಚೆನ್ನಾಗಿ ಇಟ್ಕೊಂಡಿದ್ರೆ ಕಾರು ನಿಮ್ಮದೇ. ಎಲ್ಲಾದ್ರೂ ಗುದ್ದಿದ್ದು, ತಾಗಿಸಿದ್ದು ಕಂಡಿತೋ, ಮರುಮಾತಿಲ್ಲ, ಕೀಲಿಕೈ ನನ್ನ ಜೇಬಿಗೆ.”

ಕಾರಿನ ಆಸೆ ಮೆಲ್ಲಗಪ್ಪನಿಗಿಂತ ಅವನ ಹೆಂಡತಿಗೆ ಹೆಚ್ಚು. ಅವಳಿಗೆ ಮೊಣಕಾಲು ನೋವು. ಬಸ್ಸಿನ ಮೆಟ್ಟಿಲು ಅಂದರೆ ಅವಳಿಗೆ ಬೆಟ್ಟ. ಕಾರು ಬರುವ ತನಕ, ಅದೇ ಊರಿನ ಇನ್ನೊಂದು ತುದಿಯಲ್ಲಿದ್ದ ಅಕ್ಕನ ಮುಖವನ್ನು ಫೋಟೋದಲ್ಲಿ ನೋಡಿದ್ದೇ ಹೆಚ್ಚು. ಕಾರು ಬಂದ ಮೇಲೆ ವಾರ ತಪ್ಪದೆ ಹೋಗುತ್ತಿದ್ದಳು. ಹೋಗುವಾಗ ಮುಂದಿನ ಸೀಟಿನಲ್ಲಿ ಕೂತು, ಕಿಟಕಿ ಇಳಿಸಿ, ಬಸ್ ನಿಲ್ದಾಣದ ಕಡೆ ಒಮ್ಮೆ ನೋಡುತ್ತಿದ್ದಳು. ರಾಣಿಯರು ಬೇರೆಯವರ ರಾಜ್ಯವನ್ನು ನೋಡುವ ಹಾಗೆ.

ಹೀಗಿರುವಾಗ, ಮುಂದಿನ ಭಾನುವಾರ ಭಾವ ಅತ್ತಿಗೆ ಇಬ್ಬರೂ ಬರುತ್ತಾರೆ ಅಂತ ಸುದ್ದಿ ಬಂತು.

ಕಾರನ್ನು ಮೆಲ್ಲಗಪ್ಪ ಎಲ್ಲೂ ತಾಗಿಸಿರಲಿಲ್ಲ. ಆದರೆ ಬಿಸಿಲಿಗೆ ನಿಂತು ನಿಂತು ಅದರ ಕೆಂಪು ಬಣ್ಣ ಮಂಕಾಗಿ, ಹಳೆ ಇಟ್ಟಿಗೆಯ ಬಣ್ಣಕ್ಕೆ ಬಂದಿತ್ತು. ತೊಳೆದರೂ ಅಷ್ಟೇ, ಒರೆಸಿದರೂ ಅಷ್ಟೇ. ಅಂಗಡಿಗೆ ಹೋಗಿ ಒಂದು ಡಬ್ಬಿ ಪಾಲಿಶು, ಒಂದು ಡಬ್ಬಿ ಮೇಣ ತಂದ. ಪಾಲಿಶು ಸತ್ತ ಬಣ್ಣವನ್ನು ಕೆರೆದು ತೆಗೆಯುತ್ತದೆ, ಮೇಣ ಅದರ ಮೇಲೆ ಕೂತು ಕಾಪಾಡುತ್ತದೆ ಅಂತ ಅಂಗಡಿಯವನು ವಿವರಿಸಿದ. ಉಳಿದದ್ದನ್ನು ಮೆಲ್ಲಗಪ್ಪ ಡಬ್ಬಿಯ ಮೇಲೆಯೇ ಓದಿದ. ಪುಸ್ತಕಗಳ ನಡುವೆ ಬಾಳಿದವನು, ಅಚ್ಚಾದ ಅಕ್ಷರ ಕಂಡರೆ ಓದದೆ ಬಿಡುವವನಲ್ಲ. ‘ನೆರಳಿನಲ್ಲಿ ತೊಳೆಯಿರಿ. ಮೇಲಿನಿಂದ ಕೆಳಕ್ಕೆ ತೊಳೆಯಿರಿ. ಸೋಪಿನ ನೀರಿಗೆ ಒಂದು ಬಕೆಟ್, ಬಟ್ಟೆ ಜಾಲಿಸಲು ಇನ್ನೊಂದು. ಮೆತ್ತನೆಯ ಶುಭ್ರ ಬಿಳಿ ಬಟ್ಟೆ ಬಳಸಿ. ಮೊದಲು ಕಣ್ಣಿಗೆ ಬೀಳದ ಸಣ್ಣ ಜಾಗದಲ್ಲಿ ಪರೀಕ್ಷಿಸಿ.’

ಎಲ್ಲವನ್ನೂ ಒಪ್ಪಿದ. ಕೊನೆಯದೊಂದನ್ನು ಒಪ್ಪಲಿಲ್ಲ. ಕಣ್ಣಿಗೆ ಬೀಳದ ಜಾಗದಲ್ಲಿ ಹೊಳಪು ಬಂದು ಯಾರಿಗೆ ಏನು ಬಂತು? ಎದುರು ಮನೆಯ ಟೀಸಿಗೆ ನೇರವಾಗಿ ಕಾಣುವ ಹಾಗೆ, ಡ್ರೈವರ್ ಕಡೆಯ ಬಾಗಿಲನ್ನೇ ಆರಿಸಿಕೊಂಡ.

ಈ ಟೀಸಿ ಅಂದರೆ ರೈಲಿನಲ್ಲಿ ಟಿಕೆಟ್ ನೋಡುತ್ತಿದ್ದು ನಿವೃತ್ತರಾದವರು. ಬೆಳಗ್ಗೆ ಎದ್ದರೆ ಜಗುಲಿಯ ಮೇಲೆ ಕುರ್ಚಿ ಹಾಕಿ ಕೂರುತ್ತಿದ್ದರು. ಬೀದಿಯಲ್ಲಿ ಹೋಗುವವರೆಲ್ಲ ಟಿಕೆಟ್ ಇಲ್ಲದೆ ಹೋಗುತ್ತಿದ್ದಾರೆ ಅನ್ನುವುದು ಅವರ ಒಳಗಿನ ನಂಬಿಕೆ. ಅವರ ಕಾರಿಗೆ ಒಂದರ ಮೇಲೊಂದು ಹೊದಿಕೆ. ಅದರ ಬಣ್ಣ ಯಾವುದು ಅಂತ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮೆಲ್ಲಗಪ್ಪನ ಕಾರನ್ನು ನೋಡಿದಾಗಲೆಲ್ಲ, “ಬಣ್ಣ ಹೋಯ್ತಲ್ರೀ, ಪಾಪ” ಅನ್ನುತ್ತಿದ್ದರು. ಆ ‘ಪಾಪ’ ಮೆಲ್ಲಗಪ್ಪನಿಗೆ ಒಳಗೊಳಗೇ ಚುಚ್ಚುತ್ತಿತ್ತು.

ಅವರು ಬರುವುದಕ್ಕೆ ಒಂದು ವಾರ ಮುಂಚಿನ ಭಾನುವಾರ ಬೆಳಗ್ಗೆ ಹೆಂಡತಿಯನ್ನು ಅವಳ ಅಕ್ಕನ ಮನೆಗೆ ಬಿಟ್ಟು ಬಂದು ಕಾರು ತೊಳೆದ. ಇನ್ನು ಮೆತ್ತನೆಯ ಬಿಳಿ ಬಟ್ಟೆ ಬೇಕು. ಮನೆಯಲ್ಲಿ ಹುಡುಕಿದ. ತನ್ನ ಬನಿಯನ್ನುಗಳು ಬಿಳಿಯಾಗಿ ಉಳಿದಿರಲಿಲ್ಲ. ಕಪಾಟಿನ ಮೇಲಿನ ಅಂತಸ್ತಿನಲ್ಲಿ ಒಂದು ಕಟ್ಟು ಟವೆಲ್ ಸಿಕ್ಕಿತು. ಹಾಲಿನಂಥ ಬಿಳುಪು, ಬೆಣ್ಣೆಯಂಥ ಮೆತ್ತಗೆ. ಅವು ಅಣ್ಣ ಅತ್ತಿಗೆ ಬಂದಾಗ ಕೊಡಬೇಕೆಂದು ಹೆಂಡತಿ ಎತ್ತಿಟ್ಟಿದ್ದವು. ‘ಒಂದು ಸಣ್ಣ ಜಾಗಕ್ಕೆ ತಾನೆ, ತೊಳೆದು ಮಡಚಿಟ್ಟರೆ ಯಾರಿಗೆ ಗೊತ್ತಾಗುತ್ತೆ’ ಅಂದುಕೊಂಡ. ಮನುಷ್ಯರು ಹಾಳಾಗುವುದೆಲ್ಲ ಈ ಒಂದು ಯೋಚನೆಯಿಂದಲೇ.

ಉಜ್ಜಿದ. ಸಣ್ಣ ಜಾಗ ಹೊಳೆಯಿತು. ಆ ಹೊಳಪಿನ ಪಕ್ಕದ ಜಾಗ ಈಗ ಮೊದಲಿಗಿಂತ ಮಂಕಾಗಿ ಕಂಡಿತು. ಅದನ್ನೂ ಉಜ್ಜಿದ. ಹಾಗೇ ಉಜ್ಜುತ್ತ ಉಜ್ಜುತ್ತ ಊಟದ ಹೊತ್ತು ಕಳೆದು ಬಾಗಿಲು ಮುಗಿಯುವುದಕ್ಕೂ, ಅವನ ಮಣಿಕಟ್ಟು ಕಟಕ್ಕೆಂದು ಹಿಡಿದುಕೊಳ್ಳುವುದಕ್ಕೂ ಸರಿಹೋಯಿತು. ಎಡಗೈಯಲ್ಲಿ ಹೇಗೋ ಮೇಣ ಬಳಿದು ದೂರ ನಿಂತು ನೋಡಿದ. ಬಾಗಿಲಿನಲ್ಲಿ ಎದುರು ಮನೆ ಕಂಡಿತು. ಜಗುಲಿ ಕಂಡಿತು. ಜಗುಲಿಯ ಮೇಲೆ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದ ಟೀಸಿ ಕಂಡರು. ಎಂಥ ಹೊಳಪು!

ಆಮೇಲೆ ಟವೆಲ್‌ಗಳ ಕಡೆ ನೋಡಿದ.

ಹಳೆ ಕಾಲದ ಬಣ್ಣ. ಪಾಲಿಶು ಹಾಕಿ ಉಜ್ಜಿದರೆ ಬಟ್ಟೆಗೆ ಬಿಡುತ್ತದೆ. ಇದು ಡಬ್ಬಿಯ ಮೇಲೆ ಬರೆದಿರಲಿಲ್ಲ. ಬಿಳಿ ಟವೆಲ್‌ಗಳೆಲ್ಲ ಕೆಂಪಗೆ, ನೋಡಿದರೆ ಹೆದರಿಕೆ ಆಗುವಷ್ಟು ಕೆಂಪಗೆ ಆಗಿದ್ದವು. ಬಕೆಟ್‌ಗೆ ಹಾಕಿ ಸೋಪು ತಿಕ್ಕಿದ. ನೀರು ಕೆಂಪಾಯಿತು, ಟವೆಲ್ ಬೆಳ್ಳಗಾಗಲಿಲ್ಲ. ನೀರು ಚೆಲ್ಲಿ ಮತ್ತೆ ತಿಕ್ಕಿದ. ಆ ಕೆಂಪು ನೀರು ಅಂಗಳ ದಾಟಿ, ಚರಂಡಿಗೆ ಇಳಿದು, ಟೀಸಿಯ ಮನೆ ಮುಂದೆ ನಿಧಾನವಾಗಿ ಹರಿದು ಹೋಗುತ್ತಿತ್ತು. ಟೀಸಿಗೆ ಎಚ್ಚರವಾದದ್ದು ಆಗಲೇ.

ಅವರು ಕಂಡದ್ದಿಷ್ಟು: ಕಾರಿನ ಒಂದು ಬಾಗಿಲು ಮಾತ್ರ ಫಳಫಳ ಹೊಸದು. ಚರಂಡಿಯಲ್ಲಿ ಕೆಂಪು ನೀರು. ಕೆಂಪು ಬಟ್ಟೆಗಳನ್ನು ಹಿಂಡಿ, ಹಳೆ ಪೇಪರಿನಲ್ಲಿ ಸುತ್ತಿ, ಆಚೆ ಈಚೆ ನೋಡಿ, ಕಾರಿನ ಸೀಟಿನ ಕೆಳಗೆ ತುರುಕುತ್ತಿರುವ ಮೆಲ್ಲಗಪ್ಪ. ಅವನ ಬಲಗೈ ಊದಿದೆ.

“ಏನ್ರೀ, ಏನಾದ್ರೂ ಆಯ್ತಾ?” ಅಂತ ಜಗುಲಿಯಿಂದಲೇ ಕೇಳಿದರು.

“ಏ... ಏನೂ ಇಲ್ಲ ಸಾರ್. ಸುಮ್ನೆ. ಕಾರು ತೊಳೀತಾ ಇದ್ದೆ.”

ಟೀಸಿ ತಲೆಯಾಡಿಸಿ ಒಳಗೆ ಹೋಗಿ ಹೆಂಡತಿಗೆ ಹೇಳಿದರು: “ಮೂವತ್ತು ವರ್ಷ ರೈಲಲ್ಲಿ ಈ ಮುಖಾನೇ ನೋಡಿದ್ದೀನಿ ಕಣೆ. ಕಕ್ಕಸಿನೊಳಗೆ ಬಚ್ಚಿಟ್ಕೊಂಡು, ಬಾಗಿಲು ತಟ್ಟಿದ್ರೆ ‘ಏನೂ ಇಲ್ಲ ಸಾರ್, ಸುಮ್ನೆ’ ಅಂತ ಈಚೆ ಬರೋ ಮುಖ. ಇವನು ಯಾರಿಗೋ ಗುದ್ದಿ ಬಂದಿದ್ದಾನೆ.”

ಸಾಯಂಕಾಲದ ಹೊತ್ತಿಗೆ ಇಡೀ ಬೀದಿಗೆ ಗೊತ್ತಾಯಿತು. ಪಕ್ಕದ ಮನೆಯ ಟೀಚರಮ್ಮ ಬೇಲಿಯಾಚೆಯಿಂದ ಕತ್ತು ಉದ್ದ ಮಾಡಿ ನೋಡಿ, “ಅಯ್ಯೋ, ಬಾಗಿಲೇ ಬದಲಾಯಿಸಿದ್ದಾರಲ್ಲ! ಇಷ್ಟು ಬೇಗ ಎಲ್ಲಿ ಸಿಕ್ತು?” ಅಂದರು. ಅಕ್ಕನ ಮಗನ ಸ್ಕೂಟರಿನಲ್ಲಿ ಬಂದಿಳಿದ ಹೆಂಡತಿ ಗೇಟಿನ ಹತ್ತಿರವೇ ನಿಂತುಬಿಟ್ಟಳು.

“ಏನ್ರೀ ಇದು?”

“ಪಾಲಿಶು ಹಾಕ್ದೆ ಕಣೆ. ಹೆಂಗಿದೆ?”

“ಪಾಲಿಶು ಹಾಕಿದ್ರೆ ಒಂದೇ ಬಾಗಿಲಿಗೆ ಯಾಕೆ ಹಾಕ್ತೀರಿ? ಕೈಗೇನಾಯ್ತು?”

“ಉಜ್ಜಿ ಉಜ್ಜಿ...”

“ಎಲ್ಲಿ, ಉಜ್ಜಿದ ಬಟ್ಟೆ ತೋರಿಸಿ.”

ಮೆಲ್ಲಗಪ್ಪ ಕಾರಿನ ಸೀಟಿನ ಕಡೆ ಒಮ್ಮೆ ನೋಡಿದ. ತಾನು ಗುದ್ದಿಲ್ಲ ಅನ್ನುವುದಕ್ಕೆ ಇದ್ದ ಒಂದೇ ಸಾಕ್ಷಿ ಆ ಟವೆಲ್‌ಗಳು. ಅವನ್ನು ತೋರಿಸಿದರೆ ಗುದ್ದಿದ್ದಕ್ಕಿಂತ ದೊಡ್ಡ ತಪ್ಪಿಗೆ ಸಿಕ್ಕಿಬೀಳುತ್ತಾನೆ. “ಬಟ್ಟೆ... ಬಿಸಾಕ್ದೆ” ಅಂದ.

“ನನ್ನ ಮೊಣಕಾಲಿನಾಣೆಗೂ ನಿಜ ಹೇಳಿ. ಯಾರಿಗೆ ಗುದ್ದಿದ್ರಿ?”

“ಯಾರಿಗೂ ಇಲ್ವೇ!”

ಅವಳು ಒಳಗೆ ಹೋದಳು. ಅಡುಗೆಮನೆಯಲ್ಲಿ ಪಾತ್ರೆಗಳು ಒಂದಕ್ಕೊಂದು ಮಾತಾಡಿಕೊಂಡವು. ಮಲಗುವ ಮುಂಚೆ ಒಂದೇ ಮಾತು ಹೇಳಿದಳು: “ಅಣ್ಣ ಬಂದು ಇದನ್ನ ನೋಡಿದ್ರೆ ಕಾರು ಹೋಯ್ತು. ಇನ್ನು ಅಕ್ಕನ ಮನೆಗೆ ನಾನು ಹೋದ ಹಾಗೇ.”

ಮಾರನೆಯ ದಿನ ಮೆಲ್ಲಗಪ್ಪ ಡಾಕ್ಟರ ಹತ್ತಿರ ಹೋಗಿ ಕೈಗೆ ಪಟ್ಟಿ ಕಟ್ಟಿಸಿಕೊಂಡು ಬಂದ. ‘ಈ ಕೈಯಲ್ಲಿ ಒಂದು ಲೋಟವನ್ನೂ ಎತ್ತಕೂಡದು’ ಅಂತ ಅಪ್ಪಣೆಯಾಗಿತ್ತು. ಇನ್ನು ಉಳಿದ ಕಾರು ಉಜ್ಜುವ ಮಾತೆಲ್ಲಿ! ಬಿಳಿ ಪಟ್ಟಿ ಕಟ್ಟಿದ ಕೈ ಬೀದಿಯಲ್ಲಿ ಕಾಣಿಸಿದ ಮೇಲೆ, ಅಲ್ಲಿಯ ತನಕ ಅನುಮಾನದಲ್ಲಿದ್ದವರೂ ನಂಬಿದರು.

ಗ್ರಂಥಾಲಯದಲ್ಲಿ ಅವನು ಕಾಲಿಟ್ಟ ಕೂಡಲೇ ಎಲ್ಲರೂ ಸುಮ್ಮನಾದರು. ‘ಮೆಲ್ಲಗಪ್ಪಾ’ ಅನ್ನುವ ಕೆಲಸವೇ ಇರಲಿಲ್ಲ. ಕೆಮ್ಮು ಬಂದವರು ಹೊರಗೆ ಹೋಗಿ ಕೆಮ್ಮಿ ಬಂದರು. ಮೇಲಿನ ಅಧಿಕಾರಿಯಾದ ಮೇಡಂ ಅವನನ್ನು ಕರೆಯಲಿಲ್ಲ, ಬೈಯಲಿಲ್ಲ. ಮೋಟಾರು ವಾಹನ ಕಾಯಿದೆಯ ದಪ್ಪ ಪುಸ್ತಕವನ್ನು ತಂದು ಅವನ ಮೇಜಿನ ಮೇಲೆ ಮೆತ್ತಗಿಟ್ಟು ಹೋದರು. ನಡುವೆ ಒಂದು ಪುಟಕ್ಕೆ ಗುರುತು ಇಟ್ಟಿತ್ತು. ತೆರೆದು ನೋಡಿದ. ಶಿಕ್ಷೆಯ ಅಧ್ಯಾಯ.

“ಮೇಡಂ, ನಾನು ಏನೂ...”

“ನಾನೇನು ಕೇಳ್ದೆನಾ? ಓದಿಟ್ಟುಕೊಳ್ಳಿ. ಓದೋದ್ರಿಂದ ಯಾರೂ ಕೆಟ್ಟಿಲ್ಲ.”

ಮೆಲ್ಲಗಪ್ಪನಿಗೆ ಒಂದು ಉಪಾಯ ಹೊಳೆಯಿತು. ಉಳಿದ ಕಾರನ್ನು ಹೊಳೆಯಿಸುವುದು ಕಷ್ಟ, ಆದರೆ ಹೊಳೆಯುವ ಬಾಗಿಲನ್ನು ಮಂಕು ಮಾಡುವುದಕ್ಕೆ ಏನು ಕಷ್ಟ? ಕತ್ತಲಾಗುವ ಮುಂಚೆ ಮನೆಗೆ ಬಂದವನೇ ಅಂಗಳದ ಮಣ್ಣನ್ನು ನೀರಿನಲ್ಲಿ ಕಲಸಿ ಎಡಗೈಯಿಂದ ಬಾಗಿಲಿಗೆ ಎರಚಿದ. ಮಣ್ಣು ತಾಗಿತು. ಒಂದು ಕ್ಷಣ ನಿಂತಿತು. ಆಮೇಲೆ ಜಾರಿ ಜಾರಿ ನೆಲಕ್ಕೆ ಬಿತ್ತು. ಇನ್ನೂ ಗಟ್ಟಿಯಾಗಿ ಕಲಸಿ ಎರಚಿದ. ಅದೂ ಜಾರಿತು. ನೀರು ಮುತ್ತು ಮುತ್ತಾಗಿ ಉರುಳಿ ಹೋಯಿತು. ಮೇಣ ಅಷ್ಟು ಒಳ್ಳೆಯದು. ಅಂಗಡಿಯವನು ಸುಳ್ಳು ಹೇಳಿರಲಿಲ್ಲ. ಜಗತ್ತಿನಲ್ಲಿ ಕೊಂಡ ಸಾಮಾನು ಹೇಳಿದ ಹಾಗೆ ಕೆಲಸ ಮಾಡಿತೆಂದು ಅತ್ತ ಮನುಷ್ಯ ಮೆಲ್ಲಗಪ್ಪನೊಬ್ಬನೇ ಇರಬೇಕು.

“ಬಾಗಿಲಿಗೆ ಮಣ್ಣು ಎರಚ್ತಾ ಇದ್ದಾನೆ” ಅಂತ ಟೀಸಿ ಒಳಗೆ ತಿರುಗಿ ವರದಿ ಕೊಟ್ಟರು.

ಕೊನೆಗೆ ಕಾರನ್ನು ಹಿಂದೆ ಮುಂದೆ ಮಾಡಿ, ಆ ಬಾಗಿಲು ಗೋಡೆಯ ಕಡೆ ಬರುವ ಹಾಗೆ ನಿಲ್ಲಿಸಿದ. ಇಳಿಯುವುದಕ್ಕೆ ಜಾಗ ಇರಲಿಲ್ಲ. ಆ ಕಡೆಯ ಸೀಟಿಗೆ ಜರುಗಿ, ಪಟ್ಟಿ ಕಟ್ಟಿದ ಕೈ ಮೇಲೆತ್ತಿಕೊಂಡು, ಕಾಲು ಮೊದಲು ಹೊರಗೆ ಹಾಕಿ ಇಳಿದ.

“ಈಗ ಕಾರು ದಿಕ್ಕು ಬದಲಿಸಿದೆ” ಅಂದರು ಟೀಸಿ. “ಬಚ್ಚಿಡ್ತಾ ಇದ್ದಾನೆ.”

ಗುದ್ದಿದ್ದೇನೋ ನಿಜವಾಯಿತು. ಆದರೆ ಯಾರಿಗೆ? ಬೀದಿಯವರಿಗೆ ಅದೊಂದು ಕೊರೆಯುತ್ತಿತ್ತು. ಒಂದು ಬೆಳಗ್ಗೆ ಟೀಚರಮ್ಮ ಖಾಲಿ ಪಾತ್ರೆ ಹಿಡಿದುಕೊಂಡು ಗೇಟಿನಲ್ಲಿ ನಿಂತವರು ಇದ್ದಕ್ಕಿದ್ದ ಹಾಗೆ ಎದೆಯ ಮೇಲೆ ಕೈ ಇಟ್ಟುಕೊಂಡರು.

“ಸಾರ್! ಹಾಲಿನವನು! ಆ ಭಾನುವಾರದಿಂದ ಬಂದೇ ಇಲ್ಲ!”

ಟೀಸಿ ಕುರ್ಚಿಯಿಂದ ಎದ್ದರು. ಅವರು ಕುರ್ಚಿಯಿಂದ ಎದ್ದದ್ದನ್ನು ಬೀದಿ ಬಹಳ ದಿನದಿಂದ ನೋಡಿರಲಿಲ್ಲ. “ನಂಗೆ ಮೊದಲೇ ಗೊತ್ತಿತ್ತು” ಅಂದರು. ಗೊತ್ತಿರಲಿಲ್ಲ.

ಆ ಹೊತ್ತಿನಿಂದ ಹಾಲಿನವನಷ್ಟು ಒಳ್ಳೆಯವನು ಬೀದಿಯಲ್ಲಿ ಇನ್ನೊಬ್ಬನಿರಲಿಲ್ಲ. ನೀರು ಬೆರೆಸುತ್ತಾನೆ ಅಂತ ದಿನಾ ಅವನ ಜೊತೆ ಜಗಳ ಕಾಯುತ್ತಿದ್ದ ಟೀಚರಮ್ಮ, “ಎಂಥಾ ಹಾಲು ಕೊಡ್ತಿದ್ದ ಪುಣ್ಯಾತ್ಮ!” ಅಂತ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಮೆಲ್ಲಗಪ್ಪ ಎದುರಿಗೆ ಸಿಕ್ಕಾಗ ಟೀಸಿ, “ನಿಮ್ಮ ಮನೆಗೆ ಹಾಲು ಎಲ್ಲಿಂದ ತರ್ತಿದ್ದೀರಿ ಈಗ?” ಅಂತ ಕಣ್ಣಲ್ಲಿ ಕಣ್ಣಿಟ್ಟು ಕೇಳಿದರು.

“ಅಂಗಡಿಯಿಂದ ಸಾರ್.”

“ಗಂಟಲಲ್ಲಿ ಇಳಿಯುತ್ತಾ?”

“ಕಾಫಿಗೆ ಪರವಾಗಿಲ್ಲ ಸಾರ್.”

ಇಂಥ ಕಲ್ಲೆದೆಯವನನ್ನು ಟೀಸಿ ರೈಲಿನಲ್ಲೂ ಕಂಡಿರಲಿಲ್ಲವಂತೆ.

ಭಾವ ಬರುವ ಭಾನುವಾರ ಬಂದೇಬಂತು. ಹೆಂಡತಿ ಮನೆಯನ್ನೆಲ್ಲ ಒಪ್ಪ ಮಾಡಿ, ಟವೆಲ್ ತೆಗೆಯೋಣವೆಂದು ಕಪಾಟಿನ ಕಡೆ ಹೋದಾಗಲೆಲ್ಲ ಮೆಲ್ಲಗಪ್ಪ ಅಡ್ಡ ಬಂದು ಬೇರೆ ಏನಾದರೂ ಕೇಳುತ್ತಿದ್ದ. ಅಷ್ಟರಲ್ಲಿ ಬೀದಿಯ ತುದಿಯಲ್ಲಿ ಸೈಕಲ್ಲು ಕಾಣಿಸಿತು. ಹಾಲಿನವನು! ಆದರೆ ಹೇಗಿದ್ದ! ಗಲ್ಲದಿಂದ ನೆತ್ತಿಯ ತನಕ ಬಟ್ಟೆ ಸುತ್ತಿ ಗಂಟು ಹಾಕಿದ್ದ. ಒಂದು ಕೆನ್ನೆ ಊದಿ ಕಣ್ಣು ಮುಚ್ಚಿಹೋಗಿತ್ತು.

ಟೀಸಿ ಓಡಿಹೋಗಿ ಸೈಕಲ್ಲಿನ ಹ್ಯಾಂಡಲ್ ಹಿಡಿದರು. “ಬದುಕಿದ್ದೀಯೇನಪ್ಪಾ! ಯಾರು ಮಾಡಿದ್ದು ಹೇಳು, ಹೆದರಬೇಡ. ನಾವೆಲ್ಲ ಇದ್ದೀವಿ.”

ಹಾಲಿನವನಿಗೆ ಎರಡು ದವಡೆ ಹಲ್ಲು ಕೀಳಿಸಿ ಬಾಯಿ ತೆರೆಯುವ ಹಾಗಿರಲಿಲ್ಲ. ಬೀದಿಯವರು ಇಷ್ಟು ಪ್ರೀತಿಯಿಂದ ಮಾತಾಡಿಸಿದ್ದು ಅವನಿಗೂ ಹೊಸದು. ಹೊತ್ತಾಗಿತ್ತು; ಮೊದಲ ಮನೆಗೆ ಹಾಲು ಹಾಕಬೇಕು, ಪಾತ್ರೆ ತರಲಿ ಅನ್ನುವುದಕ್ಕಾಗಿ ಮೆಲ್ಲಗಪ್ಪನ ಮನೆ ಕಡೆ ಕೈ ತೋರಿಸಿದ.

“ಸಾಕು!” ಅಂದರು ಟೀಸಿ. “ಎಲ್ರೂ ನೋಡಿದ್ರಿ ತಾನೆ?”

ಠಾಣೆ ಹತ್ತಿರದಲ್ಲೇ ಇತ್ತು. ಪೊಲೀಸಪ್ಪ ತಿಂಡಿ ಅರ್ಧಕ್ಕೆ ಬಿಟ್ಟು ಬಂದವನ ಮುಖ ಹೊತ್ತುಕೊಂಡು ಬಂದ. ಅವನ ಹಿಂದೆ ಇಡೀ ಬೀದಿ. ಅವರ ಹಿಂದೆ ಒಂದು ಆಟೋ. ಆಟೋದಿಂದ ಪೆಟ್ಟಿಗೆ ಹಿಡಿದುಕೊಂಡು ಭಾವ ಇಳಿದರು, ಅವರ ಹಿಂದೆ ಅತ್ತಿಗೆ. ಇಷ್ಟು ಜನ ತಮ್ಮನ್ನು ಎದುರುಗೊಳ್ಳಲು ಸೇರಿದ್ದಾರೆಂದು ತಿಳಿದು ಭಾವ ಮೊದಲು ನಕ್ಕರು. ಆಮೇಲೆ ಪೊಲೀಸಪ್ಪನನ್ನು ನೋಡಿದರು.

“ಕಾರು ಗೋಡೆಯಿಂದ ಈಚೆ ತನ್ನಿ” ಅಂದ ಪೊಲೀಸಪ್ಪ.

ತಂದ ಮೇಲೆ ಬಾಗಿಲು ಬಿಸಿಲಿಗೆ ಫಳಾರನೆ ಮಿಂಚಿತು. ಜನ “ಓ!” ಅಂದರು. ಭಾವನ ಮುಖ ಕಪ್ಪಿಟ್ಟಿತು.

“ಏನಯ್ಯಾ ಇದು? ಬಾಗಿಲು ಹೊಸದು ಹಾಕ್ಸಿದ್ದೀಯ?”

“ಇಲ್ಲ ಭಾವ, ಪಾಲಿಶು...”

“ನನ್ನ ಕಣ್ಣಿಗೆ ಮಣ್ಣೆರಚ್ತೀಯಾ? ನನ್ನ ಕಾರು ನಂಗೆ ಗೊತ್ತಿಲ್ವಾ? ನಾನು ಇದನ್ನ ಹೂವಿನ ಹಾಗೆ ಇಟ್ಕೊಂಡಿದ್ದೆ. ಕೀಲಿಕೈ ಕೊಡು.”

ಮೆಲ್ಲಗಪ್ಪ ಹೆಂಡತಿಯ ಕಡೆ ನೋಡಿದ. ಅವಳು ಗೇಟಿಗೆ ಒರಗಿ, ನೋವಿರುವ ಕಾಲಿನ ಭಾರವನ್ನು ಇನ್ನೊಂದರ ಮೇಲೆ ಹಾಕಿ ನಿಂತಿದ್ದಳು. ಬೈಯುತ್ತಿರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕೀಲಿಕೈ ತೆಗೆದು ಭಾವನ ಅಂಗೈ ಮೇಲೆ ಇಟ್ಟ. ಅವರು ಹೇಳಿದ ಹಾಗೆಯೇ ಅದು ಜೇಬಿಗೆ ಹೋಯಿತು.

ಅಷ್ಟರಲ್ಲಿ ಪೊಲೀಸಪ್ಪ ಕಾರಿನೊಳಗೆ ತಲೆ ಹಾಕಿ, ಸೀಟಿನ ಕೆಳಗೆ ಕೈಯಾಡಿಸಿ, ಪೇಪರಿನ ಕಟ್ಟನ್ನು ಎಳೆದ. ಬಿಚ್ಚಿದ. ಕೆಂಪಗೆ ಒಣಗಿ ಗಟ್ಟಿಯಾಗಿದ್ದ ಬಟ್ಟೆಗಳು ಕೆಳಗೆ ಬಿದ್ದವು. ಟೀಚರಮ್ಮ ಚೀರಿದರು. ಹಾಲಿನವನು ತನ್ನ ಕೆನ್ನೆಯನ್ನು ಮುಟ್ಟಿ ನೋಡಿಕೊಂಡ.

ಆ ಗದ್ದಲದಲ್ಲಿ ಒಂದು ದನಿ ಎಲ್ಲಕ್ಕಿಂತ ಮೇಲೆದ್ದಿತು.

“ನನ್ನ ಟವೆಲ್!”

ಹೆಂಡತಿ ಮೊಣಕಾಲು ನೋವು ಮರೆತು ಧಾವಿಸಿ ಬಂದಳು. ಒಂದನ್ನೆತ್ತಿ ಅಂಚು ನೋಡಿದಳು, ಮೂಗಿಗೆ ಹಿಡಿದಳು. “ಸೀಮೆಎಣ್ಣೆ ವಾಸನೆ! ಅಂದ್ರೆ ನೀವು ನಿಜವಾಗ್ಲೂ ಪಾಲಿಶೇ ಹಾಕಿದ್ರಾ? ನನ್ನ ಹೊಸ ಟವೆಲ್‌ನಲ್ಲಿ?”

“ಹೂಂ ಕಣೆ” ಅಂದ ಮೆಲ್ಲಗಪ್ಪ. ಒಂದು ವಾರದಿಂದ ಎದೆಯ ಮೇಲಿದ್ದ ಗುಂಡುಕಲ್ಲು ಇಳಿದು ಕಾಲಿನ ಮೇಲೆ ಬಿದ್ದಂತಾಯಿತು.

“ಯಾರಿಗೂ ಗುದ್ದಿಲ್ವಾ?”

“ಇಲ್ವೇ!”

“ಥೂ, ನಿಮ್ಮ! ಗುದ್ದಿದ್ರೂ ಕ್ಷಮಿಸ್ತಿದ್ದೆ!”

ಪೊಲೀಸಪ್ಪನೂ ಟವೆಲ್ ಮೂಸಿ ನೋಡಿ ಮುಖ ಸಿಂಡರಿಸಿದ. “ಇದು ರಕ್ತ ಅಲ್ಲ ಬಿಡಿ. ಎಲ್ಲಿ, ಆ ಡಬ್ಬಿ ತನ್ನಿ” ಅಂದ. ಟವೆಲ್ಲಿನ ಬಿಳಿಯಾಗಿ ಉಳಿದಿದ್ದ ಒಂದು ಮೂಲೆಗೆ ಪಾಲಿಶು ಹಚ್ಚಿ, ಕಾರಿನ ಮೂತಿಯ ಮೇಲೆ ನಾಲ್ಕು ಸಲ ಉಜ್ಜಿ ಎತ್ತಿ ತೋರಿಸಿದ. ಕೆಂಪು! ಉಜ್ಜಿದ ಕಡೆ ಅಂಗೈಯಗಲ ಹೊಳಪು.

“ಅರೆ, ಹೌದಲ್ಲ!” ಅಂದರು ಟೀಚರಮ್ಮ. “ನಾನೊಂದು ಸಲ ನೋಡ್ಲಾ?”

ಅವರು ಆ ಕಡೆಯ ಬಾಗಿಲು ಉಜ್ಜಿದರು. ಅಲ್ಲೂ ಕೆಂಪು. ಅವರ ಪಕ್ಕದವರು ನಂಬಲಿಲ್ಲ, ಇನ್ನೊಂದು ಬಾಗಿಲು ಉಜ್ಜಿದರು. ಬೇರೆಯವರು ಉಜ್ಜಿದ್ದನ್ನು ನೋಡಿ ನಂಬುವ ಬೀದಿ ಅದಲ್ಲ. “ಹಾಳಾಗಿದ್ದು ಹೇಗೂ ಹಾಳಾಯ್ತು, ತಗೊಳ್ಳಿ” ಅಂತ ಹೆಂಡತಿ ಉಳಿದ ಟವೆಲ್‌ಗಳನ್ನೂ ಹಂಚಿದಳು. ಹಾಲಿನವನು ಕಾರಿನ ಚಾವಣಿ ಹತ್ತಿದ. ಡಬ್ಬಿ ಕೈಯಿಂದ ಕೈಗೆ ಹೋಯಿತು. ಮೆಲ್ಲಗಪ್ಪ ಪಟ್ಟಿ ಕಟ್ಟಿದ ಕೈ ಎತ್ತಿ, “ಗುಂಡಗೆ ಉಜ್ಜಬೇಡಿ, ಉದ್ದಕ್ಕೆ ಉಜ್ಜಿ” ಅನ್ನುತ್ತ ಸುತ್ತ ಓಡಾಡಿದ.

ಭಾವ ಕೆಮ್ಮಿದರು. “ಸರಿ, ಸರಿ. ಬಾಗಿಲು ಹಳೇದೇ ಅಂತ ಒಪ್ಪಿಕೊಳ್ಳೋಣ. ಸಾಕು ನಿಲ್ಲಿಸಿ.”

ಆದರೆ ಟೀಸಿ ಒಪ್ಪಿರಲಿಲ್ಲ. ಒಂದು ವಾರದ ಅವರ ಪತ್ತೇದಾರಿಕೆ ಬೀದಿಪಾಲಾಗಿತ್ತು. “ನಾನೇ ಕೈಯಾರೆ ನೋಡೋ ತನಕ ಬಿಡೋನಲ್ಲ” ಅಂತ ಕಾರಿನ ಹಿಂದಿನ ಮೂಲೆಯೊಂದನ್ನು ಹಿಡಿದುಕೊಂಡರು. ಉಜ್ಜಿದರು. ಟವೆಲ್ ಕೆಂಪಾಯಿತು. ಸಾಲದೆಂದು ಇನ್ನೂ ಉಜ್ಜಿದರು. ಹಲ್ಲು ಕಚ್ಚಿ, ಒಂದೇ ಜಾಗವನ್ನು, ಸುಳ್ಳು ಪಾಸನ್ನು ಉಗುರಿನಿಂದ ಕೆರೆದು ನೋಡುವವರ ಹಾಗೆ ಉಜ್ಜಿದರು.

“ಅಲ್ಲಿ ಬೇಡ!” ಅಂದರು ಭಾವ.

ಅವರ ದನಿ ಹೇಗಿತ್ತೆಂದರೆ ಟೀಸಿಯ ಕೈ ತಾನಾಗಿ ನಿಂತಿತು. ನಿವೃತ್ತಿಯಾದವರಿಗೂ ಕಿವಿ ನಿವೃತ್ತಿಯಾಗಿರುವುದಿಲ್ಲ. ತಲೆಯೆತ್ತಿ ಭಾವನ ಮುಖ ನೋಡಿದರು. ನೋಡುತ್ತಲೇ ಇದ್ದರು. ಅವರ ಮುಖ ನಿಧಾನವಾಗಿ ಅರಳಿತು.

“ಯಾಕೆ ಬೇಡ?” ಅಂತ ಕೇಳಿ, ಮತ್ತೆ ಎರಡು ಸಲ ಉಜ್ಜಿದರು.

ಈ ಸಲ ಟವೆಲ್ಲಿಗೆ ಬಂದದ್ದು ಕೆಂಪಲ್ಲ, ಬೂದಿ ಬಣ್ಣದ ಪುಡಿ. ಬಣ್ಣ ಅಲ್ಲಿ ತೆಳ್ಳಗೆ ಮುಗಿದುಹೋಗಿತ್ತು. ಅದರ ಕೆಳಗಿನದು ಗ್ಯಾರೇಜಿನವರು ಮೆತ್ತಿ ತುಂಬಿಸಿದ ಪುಟ್ಟಿ. ಬೆರಳಿನಿಂದ ಒತ್ತಿದರು. ಬಿಸ್ಕತ್ತಿನ ಹಾಗೆ ಒಂದು ಹಕ್ಕಳೆ ಕಳಚಿ ಬಿತ್ತು. ಒಳಗೆ, ಒಂದು ಕುಂಬಳಕಾಯಿ ಕೂರುವಷ್ಟು ನೆಗ್ಗು.

ಇಷ್ಟು ಹೊತ್ತು ಪೆಟ್ಟಿಗೆಯ ಮೇಲೆ ಕೂತು ಎಲ್ಲವನ್ನೂ ನೋಡುತ್ತಿದ್ದ ಅತ್ತಿಗೆ ಎದ್ದು ಬಂದರು. ಬಾಗಿ ನೋಡಿದರು. ನೆಗ್ಗಿನೊಳಗೆ ಕೈ ಇಟ್ಟು ನೋಡಿದರು.

“ಇದೇನ್ರೀ?”

“ಅದು... ಕಂಪನಿಯಿಂದಲೇ ಹಾಗೆ ಬಂದಿತ್ತು.”

“ಟಿಕೆಟ್ ತೋರಿಸಿ” ಅಂದರು ಟೀಸಿ ತಡೆಯಲಾರದೆ.

“ಕಾರು ತಗೊಂಡ ವಾರವೇ ಸರ್ವಿಸ್‌ಗೆ ಅಂತ ಕಳಿಸಿದ್ರಲ್ಲ?” ಅಂದರು ಅತ್ತಿಗೆ. “ಅದೇ ವಾರ ನಮ್ಮ ಗೇಟಿನ ಕಂಬ ಮುರಿದಿತ್ತಲ್ಲ? ಯಾವುದೋ ಲಾರಿ ಗುದ್ದಿ ಹೋಯ್ತು ಅಂದ್ರಿ. ನಾನು ಆ ಲಾರಿಯವನಿಗೆ ಎಷ್ಟು ದಿನ ಶಾಪ ಹಾಕಿದೀನಿ!”

“ಹಿಂದಕ್ಕೆ ತಗೊಳ್ಳುವಾಗ... ಆ ಕಂಬ ಸ್ವಲ್ಪ ಮುಂದೆ ಬಂದಿತ್ತು ಕಣೆ.”

“ಕಂಬ ಮುಂದೆ ಬಂತಾ?”

ಪೊಲೀಸಪ್ಪ ಟೋಪಿ ತೆಗೆದು ಬಾಯಿಗೆ ಅಡ್ಡ ಹಿಡಿದುಕೊಂಡ. ಹಾಲಿನವನಿಗೆ ನಗು ಬಂದು, ನಕ್ಕರೆ ಬಾಯಿ ನೋಯುತ್ತದೆಂದು ಕೆನ್ನೆ ಹಿಡಿದುಕೊಂಡು ಚಾವಣಿಯ ಮೇಲೆ ಕೂತೇ ಕಣ್ಣೀರು ಸುರಿಸಿದ.

ಅತ್ತಿಗೆಗೆ ಮಾತ್ರ ನಗು ಬರಲಿಲ್ಲ. “ನಾನು ಓಡಿಸೋದು ಕಲೀತೀನಿ ಅಂದಾಗೆಲ್ಲ ಏನಂದ್ರಿ? ನೀನು ಸ್ಟೇರಿಂಗ್ ಮುಟ್ಟಿದ್ರೆ ಕಾರಿನ ಕತೆ ಮುಗೀತು ಅಂದ್ರಿ. ಮುಂದೆ ಕೂತರೆ ಸೀಟು ಸವೆಯುತ್ತೆ ಅಂತ ಹಿಂದೆ ಕೂರಿಸಿದ್ರಿ. ಇಷ್ಟು ವರ್ಷ ನಿಮ್ಮ ಬೋಳು ತಲೆ ನೋಡ್ಕೊಂಡು ಊರೂರು ಸುತ್ತಿದೀನಿ ನಾನು!”

ಅತ್ತಿಗೆ ಅಂಗೈ ಚಾಚಿದರು. ಭಾವ ಸುತ್ತ ನೋಡಿದರು. ಬೀದಿಯವರೆಲ್ಲ ಕೆಂಪು ಟವೆಲ್ ಹಿಡಿದುಕೊಂಡು ಕಾಯುತ್ತಿದ್ದರು. ಜೇಬಿನಿಂದ ಕೀಲಿಕೈ ಹೊರಗೆ ಬಂತು.

ಅತ್ತಿಗೆ ಅದನ್ನು ತೆಗೆದುಕೊಂಡು ನೇರವಾಗಿ ನಾದಿನಿಯ ಕೈಗೆ ಕೊಟ್ಟರು. “ಇನ್ನು ಮೇಲೆ ಕಾರು ನಿಮ್ಮದಮ್ಮಾ. ನಿನ್ನ ಗಂಡ ಒಂದು ಬಾಗಿಲನ್ನು ಇಷ್ಟು ಅಕ್ಕರೆಯಿಂದ ನೋಡ್ಕೊಂಡಿದ್ದಾರೆ, ಅಷ್ಟು ಸಾಕು.” ಆಮೇಲೆ ಮೆಲ್ಲಗಪ್ಪನ ಕಡೆ ತಿರುಗಿದರು. “ಅಣ್ಣ, ನಾವು ಇಲ್ಲಿರೋ ತನಕ ದಿನಾ ನಂಗೆ ಓಡಿಸೋದು ಕಲಿಸಬೇಕು. ಇವತ್ತಿಂದಲೇ. ಎಲ್ಲಾದ್ರೂ ತಾಗಿಸಿದ್ರೆ ಹೇಳಿಬಿಡ್ತೀನಿ, ಮುಚ್ಚಿಡೋದಿಲ್ಲ.”

“ಧಾರಾಳವಾಗಿ, ಅತ್ತಿಗೆ” ಅಂದ ಮೆಲ್ಲಗಪ್ಪ. ಹೆಂಡತಿ ಕೀಲಿಕೈಯನ್ನು ಮುಷ್ಟಿಯಲ್ಲಿ ಬಿಗಿಹಿಡಿದುಕೊಂಡು, “ಊಟಕ್ಕೆ ಅಕ್ಕನ ಮನೆಗೇ ಹೋಗೋಣ” ಅಂದಳು. ಟವೆಲ್ ವಿಷಯ ಮರೆತಿದ್ದಾಳೆಂದು ಮೆಲ್ಲಗಪ್ಪ ಅಂದುಕೊಂಡ. ಮರೆತಿರಲಿಲ್ಲ, ಆದರೆ ಅದು ಇವತ್ತಿನ ಮಾತಲ್ಲ.

ಹಾಲಿನವನನ್ನು ಚಾವಣಿಯಿಂದ ಇಳಿಸಿದ ಮೇಲೆ ಎಲ್ಲರೂ ಹೊರಟು ನಿಂತರು. ಇಡೀ ಕಾರು ಹೊಸ ಮೆಣಸಿನ ಹಣ್ಣಿನ ಹಾಗೆ ಕೆಂಪಗೆ ಹೊಳೆಯುತ್ತಿತ್ತು, ಹಿಂದಿನ ಮೂಲೆಯೊಂದನ್ನು ಬಿಟ್ಟು. ಅತ್ತಿಗೆ ಡ್ರೈವರ್ ಸೀಟಿನಲ್ಲಿ ಕೂತರು. ಪಕ್ಕದಲ್ಲಿ ಮೆಲ್ಲಗಪ್ಪ, ಪಾಠ ಹೇಳಲು. ಹೆಂಡತಿ ಹಿಂದೆ ಕಾಲು ಚಾಚಿಕೊಂಡು ಕೂತಳು. ಉಳಿದ ಮೂಲೆಯಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಭಾವ. ಕಾರು ಒಮ್ಮೆ ಮುಗ್ಗರಿಸಿ, ನಿಂತು, ಮತ್ತೆ ಹೊರಟಿತು. ಬೀದಿ ದಾರಿ ಬಿಟ್ಟು ಗೋಡೆಗೆ ಅಂಟಿಕೊಂಡಿತು.

ಮೊದಲ ಗುಂಡಿಯಲ್ಲಿ ಕಾರು ಎಗರಿದಾಗ ಹಿಂದಿನಿಂದ, “ಅಯ್ಯಮ್ಮಾ!” ಅಂತ ಕೂಗು ಕೇಳಿಸಿತು. ಆ ಸೀಟಿನ ಬಲಮೂಲೆಯಲ್ಲಿ ಸ್ಪ್ರಿಂಗೊಂದು ಮೇಲೆದ್ದು ಚುಚ್ಚುತ್ತದೆ ಅನ್ನುವುದು ಕಾರಿನ ಹಳೆ ಯಜಮಾನರಿಗೆ ಇಷ್ಟು ವರ್ಷಗಳ ಮೇಲೆ, ಆ ದಿನ ಗೊತ್ತಾಯಿತು.